ಮೂರು ಕ್ವಿಂಟಲ್ ತೊಗರಿಯ ಸಲಹೆ

ನಮ್ಮ ಕಡೆ ಪುಕ್ಕಟೆ ಸಿಗುವ ವಸ್ತು ಎಂದರೆ ಸಲಹೆ ಒಂದೇ. ನಾಲವಾರದ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಗೆ ಕಾಯುತ್ತ ಅರ್ಧ ತಾಸು ಕುಳಿತರೆ ಸಾಕು. ಮಂಡಿನೋವಿಗೆ ಯಾವ ಎಣ್ಣೆ, ಮಗಳಿಗೆ ಯಾವ ಊರಿನ ವರ, ತೊಗರಿ ಈಗಲೇ ಮಾರಬೇಕೋ ಯುಗಾದಿಯ ತನಕ ಇಡಬೇಕೋ, ಎಲ್ಲಕ್ಕೂ ಉತ್ತರ ಹೇಳುವವರು ಸಿಗುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಇಂಥ ಊರಿನವಳಾದ ನಾನು ಒಂದು ಸಲಹೆಗೆ 27,000 ರೂಪಾಯಿ ಕೊಟ್ಟು ಬಂದೆ ಎಂದರೆ ನೀವು ನಗುತ್ತೀರಿ. ನಗಬಹುದು. ಈಗ ನಾನೂ ನಗುತ್ತೇನೆ. ಆದರೆ ಆವತ್ತು ನಗು ಬಂದಿರಲಿಲ್ಲ.

ಹಳೆಯ ಕತೆಯಿಂದಲೇ ಶುರು ಮಾಡುತ್ತೇನೆ. 1975ರಲ್ಲಿ ನನಗೆ ಹನ್ನೆರಡು ವರ್ಷ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸುವ ಸರ್ಕಾರದ ಪ್ರಯೋಗವೊಂದು ಆ ವರ್ಷ ನಡೆಯಿತು. ದೇಶದ ಆರು ರಾಜ್ಯಗಳ ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಆ ಭಾಗ್ಯ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ ಬಂತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗುವ ಮೊದಲೇ ನಮ್ಮ ಕಡೆಯ ಹಳ್ಳಿಯವರು ಶಾಲೆಯ ಅಂಗಳದಲ್ಲಿ ಚಾಪೆ ಹಾಸಿಕೊಂಡು ಟೀವಿ ನೋಡಿದ್ದರು. ಆ ಪೆಟ್ಟಿಗೆಯೊಳಗೆ ಒಬ್ಬ ಹೆಣ್ಣುಮಗಳು ಮಾತಾಡಿದ್ದನ್ನು ಕಂಡು ನಾನು ರಾತ್ರಿ ನಿದ್ದೆ ಮಾಡಲಿಲ್ಲ. ಮರುವರ್ಷ ಶಾಲೆಯ ನಾಟಕದಲ್ಲಿ ಪಾತ್ರ ಮಾಡಿದೆ. ಹೆಡ್‌ಮಾಸ್ತರರು ಅಪ್ಪನಿಗೆ, "ನಿಮ್ಮ ಹುಡುಗಿ ಛಲೋ ಮಾಡ್ತಾಳ, ಮುಂದ ಕಲಸ್ರಿ" ಎಂದರು. ಅಪ್ಪ ನಕ್ಕು ಅವರಿಗೆ ಚಹಾ ಕುಡಿಸಿ ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಮುಖಕ್ಕ ಬಣ್ಣ ಹಚ್ಚೋದು ಇದ ಕಡೀ" ಎಂದ. ಅಲ್ಲಿಗೆ ಮುಗಿಯಿತು. ನಾನು ಓದಿ ಕನ್ನಡದ ಟೀಚರ್ ಆದೆ. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಮಾತ್ರ ನನ್ನ ದನಿ ಬೇಕಾದ್ದಕ್ಕಿಂತ ಸ್ವಲ್ಪ ಮೇಲೇರುತ್ತಿತ್ತು.

ನನಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಮದುವೆಯ ಸಾಲದ ಕಂತು ನನ್ನ ಪಗಾರದಲ್ಲಿ ಕಟ್ ಆಗುತ್ತಿತ್ತು. ಕಿರಿಯವಳು ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದಳು. 2015ರ ಕೊನೆಗೆ ಕಾಲೇಜಿನ ನಾಟಕ ಸ್ಪರ್ಧೆಯಲ್ಲಿ ಬಹುಮಾನ ತಂದಳು. ಗೆಳತಿಯರೆಲ್ಲ ಸೇರಿ, ನೀನು ಸೀರಿಯಲ್ಲಿಗೆ ಹೋಗಲೇಬೇಕು ಎಂದು ಅವಳ ತಲೆ ತುಂಬಿದ್ದರು. ಅವರಲ್ಲೊಬ್ಬಳು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳಂತೆ. ಬೆಂಗಳೂರಿನಲ್ಲಿ ಒಂದು ಕಚೇರಿ. ಸಿನಿಮಾ ಮತ್ತು ಧಾರಾವಾಹಿ ಕ್ಷೇತ್ರಕ್ಕೆ ಬರಬೇಕೆನ್ನುವವರಿಗೆ ಅಲ್ಲಿ ವೃತ್ತಿ ಮಾರ್ಗದರ್ಶನ, ಮೊದಲ ಭೇಟಿಗೆ 2,000 ರೂಪಾಯಿ.

"ಯವ್ವಾ, ಬರೀ ಕೇಳ್ಕೊಂಡು ಬರೋಣು" ಎಂದಳು.

ಬರೀ ಕೇಳಿಕೊಂಡು ಬರುವುದಕ್ಕೆ ಯಾರು ಬೇಡ ಎನ್ನುತ್ತಾರೆ? ಆದರೆ ನಮ್ಮ ಯಜಮಾನರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಆ ವರ್ಷ ಬರಗಾಲ. ಎಂಟು ಎಕರೆಯಲ್ಲಿ ಬೆಳೆದದ್ದು ಕಡಿಮೆ, ಆದರೆ ತೊಗರಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. 2016ರ ಜನವರಿಯಲ್ಲಿ ಅಡತಿ ಅಂಗಡಿಯಲ್ಲಿ ನಮಗೆ ಕ್ವಿಂಟಲ್ಲಿಗೆ 9,000 ಸಿಕ್ಕಿತು. ಆ ರೊಕ್ಕದಲ್ಲಿ ಮಳೆಗಾಲಕ್ಕೆ ಮೊದಲು ಮಾಳಿಗೆ ರಿಪೇರಿ ಮಾಡಿಸಬೇಕೆಂದು ಅವರ ಲೆಕ್ಕ. "ಬಿ.ಎಡ್. ಸೀಟಿಗೆ ಕಟ್ಟಬೇಕು" ಎಂದು ಸುಳ್ಳು ಹೇಳಿ ನಾನು ಮೂರು ಕ್ವಿಂಟಲಿನ ಹಣ ಇಸಿದುಕೊಂಡೆ. ಮದುವೆಯಾದ ಇಪ್ಪತ್ತೇಳು ವರ್ಷಗಳಲ್ಲಿ ರೊಕ್ಕದ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು. ಅವರು ಎಣಿಸಿ ಕೊಟ್ಟು, "ರಸೀದಿ ಜ್ವಾಕಿ" ಎಂದರು, ಅಷ್ಟೇ.

ವಾಡಿಗೆ ಹೋಗಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆವು. ಆ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಗೋಡೆಯ ತುಂಬ ದೊಡ್ಡ ದೊಡ್ಡ ನಟರ ಜೊತೆ ಅಲ್ಲಿಯ ಯಜಮಾನ ನಿಂತ ಫೋಟೋಗಳು. ನಾನು ಅವನ್ನೇ ನೋಡುತ್ತ ಕುಳಿತೆ. ಒಬ್ಬರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೂ ಅವರಿಗೆ ಕೆಲಸ ಕೊಡಿಸುವುದಕ್ಕೂ ಬಹಳ ಅಂತರ ಇದೆ ಎಂಬ ಮಾತು ಆಗ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿಯೂ ಮಂತ್ರಿಯೊಬ್ಬರ ಜೊತೆ ನಮ್ಮ ಭಾವನವರು ನಿಂತ ಫೋಟೋ ಇದೆ. ಅದರಿಂದ ನಮಗೊಂದು ರೇಷನ್ ಕಾರ್ಡೂ ಬೇಗ ಬಂದಿಲ್ಲ.

ಅವರು ಬಹಳ ನಯವಾಗಿ ಮಾತಾಡಿದರು. ಮಗಳಿಗೆ ನಾಲ್ಕು ಮಾತು ಹೇಳಲು ಹೇಳಿದರು. ಅವಳು ಬಹುಮಾನ ತಂದ ನಾಟಕದ ಮಾತನ್ನೇ ಹೇಳಿದಳು. ಕೇಳಿ ತಲೆಯಾಡಿಸಿ ನನ್ನ ಕಡೆ ತಿರುಗಿದರು. "ಪ್ರತಿಭೆ ಇದೆ ಮೇಡಂ. ಆದರೆ ಭಾಷೆ ತಿದ್ದಬೇಕು. ಈ ಕಡೆಯ ಕನ್ನಡ ಬಂದರೆ ನಾಯಕಿ, ಆ ಕಡೆಯ ಕನ್ನಡವಾದರೆ ಮನೆಕೆಲಸದವಳ ಪಾತ್ರ. ನೀವೇ ಯೋಚಿಸಿ" ಎಂದರು.

ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ಸೇಡಂ ತಾಲೂಕಿನ ಮಳಖೇಡ ನಮ್ಮೂರಿಂದ ದೂರವೇನಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಗ್ರಂಥಗಳಲ್ಲೇ ಹಳೆಯದಾದ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಎಂದು ವರ್ಷ ವರ್ಷ ಮಕ್ಕಳಿಗೆ ಹೇಳಿದವಳು. ಆ ಕುರ್ಚಿಯಲ್ಲಿ ಕುಳಿತಾಗ ಒಂದೂ ಮಾತು ಹೊರಡಲಿಲ್ಲ. "ಹೌದು ಸರ್, ತಿದ್ದಬೇಕು" ಎಂದೆ. ಆ ಮಾತು ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಿನಂತೆ ಇದೆ.

ಮುಂದಿನ ದಾರಿಯನ್ನೂ ಅವರೇ ಹೇಳಿದರು. ನಾನಾ ವೇಷದಲ್ಲಿ ಫೋಟೋ ತೆಗೆಸಿ ಆಲ್ಬಂ ಮಾಡಿಸಬೇಕು, ಅದಕ್ಕೆ ಪೋರ್ಟ್‌ಫೋಲಿಯೊ ಅಂತಾರೆ. ಭಾಷೆಗೆ ಹತ್ತು ದಿನದ ತರಬೇತಿ. ಎರಡೂ ಸೇರಿ 25,000. ಫೋಟೋ ತೆಗೆಯುವವರು ಅವರದೇ ಕಚೇರಿಯವರು, ಭಾಷೆ ಕಲಿಸುವವರೂ ಅವರದೇ ಕಚೇರಿಯವರು. ಹೊಟ್ಟೆನೋವೆಂದು ಹೋದವರಿಗೆ ತನ್ನದೇ ಅಂಗಡಿಯ ಔಷಧ ಮಾರುವ ವೈದ್ಯನ ಹಾಗೆ. ಆದರೆ ಆಗ ನನಗೆ ಕಂಡದ್ದು ಅದಲ್ಲ. ಶಾಲೆಯ ಅಂಗಳದ ಪೆಟ್ಟಿಗೆಯೊಳಗಿನ ಹೆಣ್ಣುಮಗಳು ಕಂಡಳು. ಮಗಳು ನನ್ನ ಮುಖ ನೋಡುವ ಮೊದಲೇ ನಾನು ಪರ್ಸ್ ಬಿಚ್ಚಿದ್ದೆ. ರಸೀದಿ ಕೊಟ್ಟರು. ಅದರಲ್ಲಿ ಫೋಟೋಗಳಿಗೆ ಇಷ್ಟು, ತರಬೇತಿಗೆ ಇಷ್ಟು ಎಂದು ಬರೆದಿತ್ತು. ಪಾತ್ರ ಕೊಡಿಸುವ ಮಾತು ಬಾಯಲ್ಲಿ ಇದ್ದದ್ದು ಕಾಗದದ ಮೇಲೆ ಇರಲಿಲ್ಲ.

ಹತ್ತು ದಿನ ಒಬ್ಬ ಸಂಬಂಧಿಕರ ಮನೆಯಲ್ಲಿದ್ದು ಊರಿಗೆ ಬಂದೆವು. ಆಲ್ಬಂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕರೆ ಬರುತ್ತದೆ ಎಂದು ಮಗಳು ಫೋನನ್ನು ಬಚ್ಚಲಮನೆಗೂ ಒಯ್ಯುತ್ತಿದ್ದಳು. ಒಂದು ತಿಂಗಳು, ಎರಡು ತಿಂಗಳು, ಮಳೆಗಾಲ. ಮಾಳಿಗೆ ಸೋರಿತು. ಅತ್ತೆಯವರ ಮಂಚದ ಪಕ್ಕ ಪಾತೇಲಿ ಇಟ್ಟು ರಾತ್ರಿಯೆಲ್ಲ ಹನಿ ಬೀಳುವ ಸಪ್ಪಳ ಕೇಳಿದೆ. ಪ್ರತಿ ಹನಿಯೂ ನನಗೇ ಹೇಳಿದ ಹಾಗೆ ಇತ್ತು.

ಆದರೆ ಅದಕ್ಕಿಂತ ನೋವು ಕೊಟ್ಟದ್ದು ಬೇರೆ. ಮಗಳು ಮನೆಯಲ್ಲೂ ತಿದ್ದಿದ ಮಾತನ್ನೇ ಆಡತೊಡಗಿದಳು. 'ಯವ್ವಾ' ಹೋಗಿ 'ಅಮ್ಮಾ' ಆಯಿತು. 'ಹಾಂಗ', 'ಹಿಂಗ' ಎಲ್ಲ ಹೋದವು. ಅಜ್ಜಿಯ ಜೊತೆ ಮಾತೇ ಕಡಿಮೆಯಾಯಿತು, ಮಾತಾಡಿದರೆ ಹಳೆಯ ಭಾಷೆ ನಾಲಿಗೆಗೆ ಮತ್ತೆ ಅಂಟುತ್ತದೆಂಬ ಹೆದರಿಕೆ. ಒಂದು ದಿನ ಅತ್ತೆಯವರು ನನ್ನನ್ನು ಕರೆದು, "ಅಲ್ಲ ಬೇ, ಹುಡುಗಿ ನಮ್ಮ ಮ್ಯಾಲ ಸಿಟ್ಟಾಗ್ಯಾಳೇನ? ಪರರ ಮನಿಗಿ ಬಂದೋರಂಗ ಮಾತಾಡ್ತಾಳ" ಎಂದರು. ನಾನು ಒಲೆಯ ಕಡೆ ಮುಖ ತಿರುಗಿಸಿ ರೊಟ್ಟಿ ಬಡಿದೆ.

2017ರ ಮಾರ್ಚಿನಲ್ಲಿ ಕೊನೆಗೂ ಆ ಕಚೇರಿಯಿಂದ ಕರೆ ಬಂತು. ಪಾತ್ರಕ್ಕಲ್ಲ. ಎರಡನೆಯ ಹಂತದ ಮಾರ್ಗದರ್ಶನಕ್ಕೆ 50,000 ಕಟ್ಟಿದರೆ ಧಾರಾವಾಹಿಯವರನ್ನು ನೇರವಾಗಿ ಭೇಟಿ ಮಾಡಿಸುತ್ತಾರಂತೆ. ಆ ವರ್ಷ ಮಳೆ ಚೆನ್ನಾಗಿ ಆಗಿ ತೊಗರಿ ಮನೆ ತುಂಬ ಬಂದಿತ್ತು. ಬೆಲೆ ಮಾತ್ರ ನೆಲ ಕಚ್ಚಿತ್ತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 5,050, ಪೇಟೆಯಲ್ಲಿ ಅದಕ್ಕಿಂತಲೂ ಕಡಿಮೆ. ಖರೀದಿ ಕೇಂದ್ರದ ಮುಂದೆ ನಮ್ಮ ಯಜಮಾನರು ಚೀಲ ಇಟ್ಟುಕೊಂಡು ದಿನಗಟ್ಟಲೆ ಪಾಳಿ ಹಚ್ಚಿದ್ದರು. 50,000 ಅಂದರೆ ಹತ್ತು ಕ್ವಿಂಟಲ್. ನಾನು ಲೆಕ್ಕ ಹಾಕುತ್ತಲೇ ಇದ್ದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಕೊಟ್ಟ 27,000 ನೀರಪಾಲಾಯಿತು ಎಂದು ಒಪ್ಪುವುದಕ್ಕಿಂತ ಇನ್ನೂ 50,000 ಕೊಡುವುದು ಆಗ ಸುಲಭ ಅನ್ನಿಸುತ್ತಿತ್ತು. ಜೂಜಿನಲ್ಲಿ ಸೋತವರು ಮನೆಗೆ ಏಕೆ ಹೋಗುವುದಿಲ್ಲ ಎಂದು ನನಗೆ ಆ ವಾರ ಅರ್ಥವಾಯಿತು.

ಅದೇ ವಾರ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ. ತೇರು ನೋಡಿ, ಹತ್ತಿರದಲ್ಲೇ ಟೆಂಟು ಹಾಕಿದ್ದ ನಾಟಕ ಕಂಪನಿಯ ಆಟಕ್ಕೆ ಹೋದೆವು. ಆಟದಲ್ಲಿ ಅಜ್ಜಿಯ ಪಾತ್ರ ಮಾಡಿದ ಹಿರಿಯ ಕಲಾವಿದೆ ಜನರನ್ನು ಅಳಿಸಿ ನಗಿಸಿ ಹಾಕಿದರು. ಮರುದಿನ ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ನಾನೂ ಮಗಳೂ ಅವರ ಬಿಡಾರಕ್ಕೆ ಹೋದೆವು. ಟೆಂಟಿನ ಹಿಂದೆ ಕುಳಿತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಗಂಟು ನೋಡಿ, "ಬರ್ರಿ ಅಕ್ಕಾರ" ಎಂದು ಚಾಪೆ ಹಾಸಿದರು.

ನಾನು ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು. ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ: "ಅವರು ರೊಕ್ಕಾ ತಗೊಂಡಿದ್ದು ಈಕಿ ದುಡಿಯೋಕಿಂತ ಮೊದಲೋ, ದುಡಿದ ಮ್ಯಾಲೋ?"

"ಮೊದಲ್ರಿ."

"ಹಂಗಂದ್ರ ಅವ ವ್ಯಾಪಾರಿ, ತಂಗಿ. ಕೆಲಸ ಕೊಡಿಸವ ದುಡಿದ ಮ್ಯಾಲ ಪಾಲು ಕೇಳ್ತಾನ. ನಾ ಹನ್ನೊಂದು ವರ್ಷದಾಕಿ ಕಂಪನಿಗಿ ಬಂದೆ. ಮೊದಲ ದಿನ ಮಾಲಕರು ಊಟಕ್ಕ ಹಾಕಿದ್ರು, ಆಮ್ಯಾಲ ತಾಲೀಮು. ಮಳಿ ಬಂದು ಆಟ ನಿಂತ್ರ ಪಗಾರ ಇಲ್ಲ. ಮಂದಿ ನಮಗ ಮನಿ ಬಾಡಿಗಿ ಕೊಡ್ತಿದ್ದಿಲ್ಲ. ಸುಖ ಇತ್ತು ಅಂತ ನಾ ಹೇಳಂಗಿಲ್ಲ. ಆದ್ರ ಕಲಿಸ್ಲಾಕ ನನ್ನ ಕಡಿಂದ ಯಾರೂ ರೊಕ್ಕಾ ಕೇಳ್ಲಿಲ್ಲ."

ಆಮೇಲೆ ಮಗಳಿಗೆ ನಾಲ್ಕು ಮಾತು ಹೇಳು ಎಂದರು. ಅವಳು ಬೆಂಗಳೂರಿನಲ್ಲಿ ಕಲಿತ ಹಾಗೆ, ಒಂದೊಂದು ಅಕ್ಷರ ತೊಳೆದು ಇಟ್ಟ ಹಾಗೆ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಯಾರ ದನಿ ಮಗಳ? ನಿಂದು ಎಲ್ಲಿ ಇಟ್ಟು ಬಂದಿ?" ಎಂದರು. ಮಗಳ ಕಣ್ಣು ತುಂಬಿತು. ಅವರು ಅವಳ ಬೆನ್ನ ಮೇಲೆ ಕೈಯಿಟ್ಟು ಹೇಳಿದ ಮಾತು ನನಗೆ ಬಾಯಿಪಾಠ ಇದೆ: "ಬೆಂಗಳೂರಿನ ಮಾತೂ ಕಲಿ, ಮೈಸೂರಿನ ಮಾತೂ ಕಲಿ. ನಟಿಗಿ ಎಷ್ಟು ನಾಲಿಗಿ ಇದ್ರ ಅಷ್ಟು ಛಲೋ. ಆದ್ರ ಕಲಿಯೋದು ಬ್ಯಾರೆ, ನಾಚೋದು ಬ್ಯಾರೆ. ನಿನ್ನ ಮಾತಿಗಿ ನೀ ನಾಚಿದಂದ್ರ ಯಾವ ಮಾತೂ ನಿನ್ನ ಬಾಯಾಗ ಉಳಿಯಂಗಿಲ್ಲ."

ಹೊರಡುವಾಗ ನಾನು ನೂರರ ಐದು ನೋಟು ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ. "ರೊಟ್ಟಿ ಕೊಟ್ಟೀರಲ್ಲ. ಇದ್ರ ಸಂಜಿಗಿ ಟಿಕೇಟ್ ತಗೋರಿ" ಎಂದರು.

ಆ ಸಂಜೆ ಊರಿಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಕುಳಿತಿದ್ದೆ. ಅವರು ಖರೀದಿ ಕೇಂದ್ರದ ಧೂಳು ಮೆತ್ತಿದ ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಹಳ ಹೊತ್ತು ಜಂತಿ ನೋಡಿದರು. ಆಮೇಲೆ, "ಆವಾಗ ತೊಗರಿ 9,000 ಇತ್ತು. ಮೂರು ಕ್ವಿಂಟಲ್‌ನಾಗ ಮುಗೀತು. ಇದೇ ಈ ವರ್ಷ ಆಗಿದ್ರ ಆರು ಕ್ವಿಂಟಲ್ ಹೋಗ್ತಿತ್ತು. ಛಲೋ ರೇಟಿನಾಗ ಕಳ್ಕೊಂಡಿ, ಹೋಗ್ಲಿ ಬಿಡು" ಎಂದರು. ಮಗಳು ಬಿದ್ದು ಬಿದ್ದು ನಕ್ಕಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ದನಿ ತಗ್ಗಿಸಿ, "ಸುಳ್ಳು ಹೇಳಬಾರದಾಗಿತ್ತು" ಎಂದರು. ಅದಕ್ಕೆ ಯಾವ ರೇಟೂ ಇರಲಿಲ್ಲ.

ಆ ಹಿರಿಯ ಕಲಾವಿದೆ ಹೇಳಿದ ಮಾತು ಹಳೆಯ ಕಾಲದ್ದು, ಈಗಿನ ಲೋಕ ಬೇರೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಮಗಳು ಆಮೇಲೆ ಓದಿ ನನಗೊಂದು ಸಂಗತಿ ಹೇಳಿದಳು. ಹಾಲಿವುಡ್ ಇರುವ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಪಾತ್ರ ಕೊಡಿಸುತ್ತೇನೆಂದು ಮುಂಗಡ ಫೀಸು ಪಡೆಯಬಾರದೆಂಬ ಕಾನೂನೇ 2010ರಿಂದ ಇದೆಯಂತೆ. ಅಂದರೆ ಅಲ್ಲಿಯೂ ನನ್ನಂಥ ತಾಯಂದಿರು ಬಹಳ ಮಂದಿ ಇದ್ದಿರಬೇಕು. ಟೆಂಟಿನ ಹಿಂದೆ ಕುಳಿತು ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಹೆಣ್ಣುಮಗಳಿಗೂ ಅಲ್ಲಿಯ ಶಾಸನಸಭೆಗೂ ಹೊಳೆದದ್ದು ಒಂದೇ ಮಾತು.

ನಮ್ಮಲ್ಲಿ ಕಲಿತು ಬಂದವರ ದಾರಿಯನ್ನೇ ನೋಡಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ನಟರು. ಮಗನೂ ಅಲ್ಲೇ ಚಿಕ್ಕಪುಟ್ಟ ಪಾತ್ರ ಮಾಡುತ್ತ ಕಲಿತು 1954ರಲ್ಲಿ 'ಬೇಡರ ಕಣ್ಣಪ್ಪ'ದ ನಾಯಕರಾದರು. ರಂಗಭೂಮಿಯಲ್ಲಿ ಬೆವರು ಸುರಿಸಿ ಬಂದ ಉಮಾಶ್ರೀಯವರಿಗೆ 'ಗುಲಾಬಿ ಟಾಕೀಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇನ್ನು ನಮ್ಮ ಮಾತಿನ ವಿಷಯ. ಬೀದರ ಜಿಲ್ಲೆಯ ವೈಜನಾಥ ಬಿರಾದಾರ ಅವರು ಗಿರೀಶ ಕಾಸರವಳ್ಳಿಯವರ 'ಕನಸೆಂಬ ಕುದುರೆಯನೇರಿ'ಯಲ್ಲಿ ಮುಖ್ಯ ಪಾತ್ರ ಮಾಡಿದ್ದಾರೆ. ಆ ಚಿತ್ರದ ಮೂಲ ಕತೆ ಅಮರೇಶ ನುಗಡೋಣಿಯವರ 'ಸವಾರಿ', ನಮ್ಮ ಈ ಸೀಮೆಯದೇ ಕತೆ. ಈ ಹೆಸರುಗಳೆಲ್ಲ ನನಗೆ ಮೊದಲೂ ಗೊತ್ತಿದ್ದವು. ಆ ಎರಡನೆಯ ಮಹಡಿಯಲ್ಲಿ ಮಾತ್ರ ಒಂದೂ ನೆನಪಿಗೆ ಬರಲಿಲ್ಲ.

ಕಲಿಯುವುದಕ್ಕೆ ಹಣ ಕೊಡಬಾರದು ಎಂದು ನಾನು ಹೇಳುವುದಿಲ್ಲ. ನಾನೂ ಕಲಿಸಿಯೇ ಪಗಾರ ತೆಗೆದುಕೊಂಡವಳು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಮಕ್ಕಳನ್ನು ತಯಾರು ಮಾಡುತ್ತಿದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ 1960ರದು, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ 1959ರದು. ಇಂಥ ಕಡೆ ಏನು ಕಲಿಸುತ್ತಾರೆ, ಎಷ್ಟು ದಿನ, ಎಷ್ಟು ಫೀಸು ಎಂಬುದು ಕಾಗದದ ಮೇಲೆ ಇರುತ್ತದೆ. ಸಂದರ್ಶನದಲ್ಲಿ ಬೇಡ ಎಂದರೆ ಬೇಡ. ಹಣ ಕೊಟ್ಟ ಎಲ್ಲರಿಗೂ 'ಪ್ರತಿಭೆ ಇದೆ' ಎನ್ನುವವರ ಮಾತಿಗೆ ಏನು ಬೆಲೆ? ಬೇಡ ಎನ್ನುವ ಧೈರ್ಯ ಇದ್ದವರ ಸಲಹೆಗೇ ಬೆಲೆ. ಸಲಹೆ ಕೊಟ್ಟವರೇ ಅದರ ಮುಂದಿನ ಸಾಮಾನನ್ನೂ ಮಾರುತ್ತಿದ್ದರೆ ಅಲ್ಲಿಂದ ಎದ್ದು ಬರಬೇಕು. ಇಷ್ಟು ತಿಳಿಯಲು ನನಗೆ ಮೂರು ಕ್ವಿಂಟಲ್ ತೊಗರಿ ಬೇಕಾಯಿತು.

ನನ್ನ ಮಗಳು ನಟಿಯಾದಳೇ ಎಂದು ನೀವು ಕೇಳುತ್ತೀರಿ. ಆಗಲಿಲ್ಲ. ಒಂದು ನಾಟಕ ಶಾಲೆಯ ಸಂದರ್ಶನಕ್ಕೆ ಹೋದಳು, ಆಯ್ಕೆಯಾಗಲಿಲ್ಲ. ಅವರು ಅವಳೆದುರೇ ಏನು ಕಡಿಮೆ ಎಂದು ಹೇಳಿ, ಒಂದು ರೂಪಾಯಿ ಕೇಳದೆ ಕಳಿಸಿದರು. ಅವಳು ಎರಡು ದಿನ ಅತ್ತಳು, ಮೂರನೆಯ ದಿನ ಊಟ ಮಾಡಿದಳು. ಆಮೇಲೆ ನಿಜವಾಗಿಯೂ ಬಿ.ಎಡ್. ಮಾಡಿದಳು. ನನ್ನ ಸುಳ್ಳು ತಡವಾಗಿ ಖರೆ ಆಯಿತು. ಈಗ ಸೇಡಂನ ಶಾಲೆಯೊಂದರಲ್ಲಿ ಟೀಚರ್. ವರ್ಷಕ್ಕೊಂದು ನಾಟಕ ಆಡಿಸುತ್ತಾಳೆ. ಅದರೊಳಗೆ ರಾಜ, ಮಂತ್ರಿ, ರಾಣಿ ಎಲ್ಲರೂ ನಮ್ಮ ಕಡೆಯ ಮಾತನ್ನೇ ಆಡುತ್ತಾರೆ. 'ಮಹಾರಾಜ್ರ, ವೈರಿ ಬಾಗಲಕ್ಕ ಬಂದಾನ' ಎಂದು ಆರನೆಯ ಇಯತ್ತೆಯ ಹುಡುಗ ಕೂಗಿದಾಗ ಹಿಂದೆ ಕುಳಿತ ಅಜ್ಜಂದಿರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು.

ಹೋದ ತಿಂಗಳು ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಎಂಟು ವರ್ಷದ ಮಗನನ್ನು ಟೀವಿ ಕಾರ್ಯಕ್ರಮಕ್ಕೆ ಕಳಿಸಲು ಯಾರೋ ಮಾರ್ಗದರ್ಶನಕ್ಕೆ 40,000 ಕೇಳಿದ್ದಾರಂತೆ. ಕಿವಿಯ ಬೆಂಡೋಲೆ ಅಡವಿಡುವ ಯೋಚನೆ. ನಾನು ಏನೂ ಹೇಳಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಆಲ್ಬಂ ತಂದು ಅವಳ ಕೈಗಿಟ್ಟೆ. ಒಂದೊಂದೇ ಹಾಳೆ ತಿರುವಿ, "ಎಷ್ಟು ಚಂದ ಬಂದಾವ ಅಕ್ಕಾ! ಆಮ್ಯಾಲ ಏನಾಯ್ತು?" ಎಂದಳು.

ಆಮೇಲೆ ಏನಾಯಿತು ಎಂಬುದನ್ನೇ ನಿಮಗೆ ಹೇಳಿದ ಹಾಗೆ ಅವಳಿಗೂ ಹೇಳಿದೆ. ಕೇಳಿ ಮುಗಿಸಿ ಅವಳು ಬೆಂಡೋಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಹೊರಗೆ ಮಗಳ ದನಿ ಕೇಳಿಸಿತು. ಶನಿವಾರವಾದ್ದರಿಂದ ಸೇಡಂನಿಂದ ಬಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಯವ್ವಾ, ಹಸಿವಾಗ್ಯಾದ, ಏನ್ ಮಾಡಿ?" ಎಂದು ಕೂಗಿದಳು.